ಯಂತ್ರಕ್ಕೆ ಕಾಣದ ಹುಬ್ಬು

ಮೊಮ್ಮಗಳು ಒಲಿಂಕಾ ಹೆಪ್ಪುಗಟ್ಟಿದ ಕುಸ್ಕೋಕ್ವಿಮ್ ನದಿಯಲ್ಲಿ ತೂತು ಕೊರೆದು ತನ್ನ ಜೀವಮಾನದ ಮೊದಲ ಮೀನು ಹಿಡಿದಿದ್ದಳು. ಮೊದಲ ಮೀನನ್ನು ಹಿಡಿದವರು ತಿನ್ನುವಂತಿಲ್ಲ, ಊರ ಹಿರಿಯರಿಗೆ ಹಂಚಬೇಕು. ಬರೀ ಮೀನು ಬಡಿಸಿದರೂ ಯಾರೂ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಆದರೆ ಅಕುತಕ್ ಎಂಬ ಸಿಹಿ ಇಲ್ಲದ ಊಟವೂ ಒಂದು ಊಟವೇ? ಎಂದು ಅಜ್ಜಿ ನಾಸ್ತಾಸ್ಯಾಳ ಹಟ. ಮೊಮ್ಮಗಳ ಹೆಸರಲ್ಲಿ ಕರೆದು, ಸಿಹಿ ಇಲ್ಲದೆ ಎಬ್ಬಿಸಿ ಕಳಿಸುವುದುಂಟೆ? ಬೇಸಿಗೆಯಲ್ಲಿ ಆರಿಸಿಟ್ಟ ಹಣ್ಣು ಮನೆಯಲ್ಲಿತ್ತು, ಸಕ್ಕರೆಯೂ ಇತ್ತು. ಅವನ್ನು ಹಾಕಿ ನೊರೆ ಬರುವಂತೆ ಕಲಸಲು ವನಸ್ಪತಿ ಮಾತ್ರ ಇರಲಿಲ್ಲ. ಊಟ ಅದೇ ಸಂಜೆ.

ಸರ್ಕಾರದ ಆಹಾರದ ಕಾರ್ಡಿನಲ್ಲಿ ಎಷ್ಟು ಹಣ ಉಳಿದಿದೆಯೆಂದು ಅವಳಿಗೆ ನೆನಪಿರಲಿಲ್ಲ. ಫೋನು ಮಾಡಿ ಕೇಳೋಣವೆಂದರೆ ಅವಳ ಮೊಬೈಲು ಮೊನ್ನೆ ಅದೇ ತೂತಿನಲ್ಲಿ ಈಜಲು ಹೋಗಿತ್ತು. ಉಳಿದದ್ದು ಅಂಗಡಿಯ ಫೋನೊಂದೇ. ಅದರ ರಿಸೀವರು ಕೆಟ್ಟು, ಸ್ಪೀಕರಿನಲ್ಲಿ ಮಾತ್ರ ಕೇಳಿಸುತ್ತಿತ್ತು.

ಅವಳು ಅಂಗಡಿಗೆ ಬಂದು ಫೋನು ಕೇಳಿದಾಗ, ಅಲ್ಲಿ ಒಲೆಯ ಪಕ್ಕ ಕಾಫಿ ಹಿಡಿದು ಕೂತಿದ್ದ ವಸೀಲಿ ಕಿವಿ ನಿಮಿರಿಸಿದ. ಅವನು ಅವಳ ಸೋದರತ್ತೆಯ ಮಗ. ಆ ಊರಲ್ಲಿ ಅತ್ತೆಮಗನೆಂದರೆ ಸಾಯುವತನಕ ಕಾಲೆಳೆಯಲು ಹುಟ್ಟಿದವನು.

"ಜೋರಾಗಿ ಇಡಮ್ಮ ಫೆವ್ರೋನ್ಯಾ," ಎಂದ ಅಂಗಡಿಯವಳಿಗೆ. "ಸಾಹುಕಾರ್ತಿ ಆಸ್ತಿ ಎಷ್ಟಿದೆ ಕೇಳೋಣ."

"ಕಾಫಿ ಕುಡಿ ಭಾವ, ಬಾಯಿ ಸುಟ್ಕೊಂಡಾದ್ರೂ ಸುಮ್ನಿರ್ತೀಯ," ಎನ್ನುತ್ತ ನಾಸ್ತಾಸ್ಯಾ ಕಾರ್ಡಿನ ಸಂಖ್ಯೆ ಒತ್ತಿದಳು.

"ನೀವು ಒತ್ತಿದ ಸಂಖ್ಯೆ ಸರಿಯಿದ್ದರೆ 'ಹೌದು' ಎನ್ನಿ," ಎಂದಿತು ಯಂತ್ರದ ಹೆಂಗಸಿನ ದನಿ.

ನಾಸ್ತಾಸ್ಯಾ ಹುಬ್ಬೇರಿಸಿದಳು. ಅವರ ಜನರಲ್ಲಿ ಹುಬ್ಬೇರಿಸಿದರೆ ಹೌದು ಎಂದರ್ಥ. ಅದಕ್ಕೆ ಬಾಯಿ ಯಾಕೆ ನೋಯಿಸಿಕೊಳ್ಳಬೇಕು?

"ಕ್ಷಮಿಸಿ, ನಿಮ್ಮ ಉತ್ತರ ಕೇಳಿಸಲಿಲ್ಲ."

ಅವಳು ಇನ್ನೂ ಮೇಲಕ್ಕೇರಿಸಿದಳು.

"ಕ್ಷಮಿಸಿ, ನಿಮ್ಮ ಉತ್ತರ—"

"ಕಿವುಡು ಮುಂಡೇದು! ಎಷ್ಟು ಸಲ ಹೇಳೋದು ಇದಕ್ಕೆ?"

"ಕಿವುಡಲ್ಲ ಕಣೇ, ಕುರುಡು," ಎಂದು ವಸೀಲಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಎತ್ತು, ಇನ್ನೂ ಎತ್ತು! ಹುಬ್ಬು ಟೋಪಿಯೊಳಗೆ ಹೋದ್ರೆ ಅದಕ್ಕೆ ಕಂಡೀತು."

ಅಂಗಡಿಯ ಸಾಲಿನಲ್ಲಿ ನಿಂತಿದ್ದವರೂ ನಕ್ಕರು. ಆಗಲೇ ಅವಳಿಗೆ ತನ್ನ ಎಡವಟ್ಟು ಹೊಳೆದದ್ದು. ನಗುತ್ತಲೇ ಫೋನಿಗೆ ಬಾಗಿ, "ಹೌದೇ ತಾಯಿ, ಹೌದು!" ಎಂದು ಕೂಗಿದಳು.

"ನಿಮ್ಮ ಕಾರ್ಡಿನಲ್ಲಿ ಉಳಿದಿರುವ ಮೊತ್ತ, ಎರಡು ಡಾಲರ್ ಹನ್ನೊಂದು ಸೆಂಟ್."

ನಗುತ್ತಿದ್ದ ಜನ ಇದ್ದಕ್ಕಿದ್ದಂತೆ ಬಿಸ್ಕತ್ತಿನ ಪೊಟ್ಟಣಗಳನ್ನು ಓದತೊಡಗಿದರು. ಎರಡು ಡಾಲರಿಗೆ ವನಸ್ಪತಿ ಡಬ್ಬದ ಮುಚ್ಚಳವೂ ಬರುತ್ತಿರಲಿಲ್ಲ. ಮನೆಯಲ್ಲಿ ಒಲಿಂಕಾ ಬಟ್ಟಲು ತೊಳೆದು ಜೋಡಿಸುತ್ತಿದ್ದಾಳು ಎಂದು ನೆನೆದು ನಾಸ್ತಾಸ್ಯಾಳಿಗೆ ನಾಚಿಕೆಗಿಂತ ಸಂಕಟವೇ ಹೆಚ್ಚಾಯಿತು. ಕಾರ್ಡನ್ನು ಕೈಚೀಲಕ್ಕೆ ಹಾಕಿ ಬಾಗಿಲ ಕಡೆ ತಿರುಗಿದಳು.

ಹಿಂದೆ ಟಪ್ಪೆಂದು ಸದ್ದಾಯಿತು. ವಸೀಲಿ ವನಸ್ಪತಿಯ ದೊಡ್ಡ ಡಬ್ಬ ತಂದು ಫೆವ್ರೋನ್ಯಾಳ ಮುಂದೆ ಕುಕ್ಕಿ, ಜೇಬಿನಿಂದ ನೋಟು ತೆಗೆಯುತ್ತಿದ್ದ.

"ಯಾರಿಗದು?" ಎಂದಳು ನಾಸ್ತಾಸ್ಯಾ, ಬಿಗಿಯಾಗಿ.

"ನಂಗೇ, ಇನ್ಯಾರಿಗೆ? ಪ್ರತಿ ಸಲ ನನ್ನ ಬಟ್ಟಲಿಗೆ ಚಮಚದ ತುದೀಲಿ ಬಡಿಸ್ತೀಯ, ಜಿಪುಣಿ. ಈ ಸಲ ಡಬ್ಬಾನೇ ನಂದು. ಅದ್ಹೇಗೆ ಕಮ್ಮಿ ಹಾಕ್ತೀಯೋ ನೋಡ್ತೀನಿ."

ಉಪಕಾರವಾಯಿತು ಎಂದರೆ ಅವನನ್ನು ಹೊರಗಿನವನನ್ನಾಗಿ ಮಾಡಿದ ಹಾಗೆ. ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡಳು.

"ಮೀನಿನ ತಲೆ ನಿಂಗೇ ಬಡಿಸ್ತೀನಿ, ಭಾವ."

ವಸೀಲಿ ನೋಟು ಹಿಡಿದ ಕೈ ಹಾಗೇ ನಿಲ್ಲಿಸಿದ. ಅವರ ಮನೆಯ ಔತಣದಲ್ಲಿ ತಲೆ ಹೋಗುತ್ತಿದ್ದುದು ಎಲ್ಲರಿಗಿಂತ ಗೌರವದ ಹಿರಿಯರಿಗೆ. ಅವನು ಮೊದಲಿಂದಲೂ ಬಾಗಿಲ ಬಳಿ ಕೂತು ನಗಿಸುವವನು.

"ಏ, ತಮಾಷೆ ಸಾಕು," ಎಂದ ಮೆಲ್ಲಗೆ. "ತಲೆ ದೊಡ್ಡೋರಿಗೆ ಕೊಡೋದು ಕಣೇ."

"ಅದಕ್ಕೇ," ಎಂದಳು ನಾಸ್ತಾಸ್ಯಾ.

ಅವನು ನೋಟನ್ನು ಫೆವ್ರೋನ್ಯಾಳ ಮುಂದಿಟ್ಟು, ನಾಸ್ತಾಸ್ಯಾಳತ್ತ ತಿರುಗಿ ಹುಬ್ಬೇರಿಸಿದ.