ಎಂಟನೆಯ ತಿಂಗಳಲ್ಲಿ ಕಟ್ಟಿದ ಲಿಂಗ

ಶನಿವಾರ ಬೆಳಿಗ್ಗೆ ಸಿರಿ ಅಕ್ಕಿರೊಟ್ಟಿ ತಟ್ಟಿ ಗಂಡನ ತಟ್ಟೆಗೆ ಹಾಕಿದಳು, ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿ ಬಡಿಸಿದಳು, ಆಮೇಲೆ ತನ್ನ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಹೋಗಿ ನಿಂತಳು. ಬನಶಂಕರಿಯ ಆ ಮನೆಯಲ್ಲಿ ಗಂಡ ಹೆಂಡತಿ ಒಟ್ಟಿಗೆ ಕೂತು ತಿಂಡಿ ತಿಂದು ಹದಿನಾಲ್ಕು ತಿಂಗಳಾಗಿತ್ತು. ಜಗಳವೇನೂ ಇರಲಿಲ್ಲ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

“ಹನ್ನೊಂದು ಗಂಟೆಗೆ ವಾರಿಜಾ ಮೇಡಂ ಹತ್ರ ಹೋಗ್ಬೇಕು,” ಎಂದಳು ರಸ್ತೆ ನೋಡುತ್ತಲೇ. “ಇವತ್ತೂ ಅಲ್ಲಿ ಬಾಯಿ ಬಿಡಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ಸಂಜೆ ಗಿರಿನಗರಕ್ಕೆ ಅಮ್ಮನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ.”

“ಪ್ರತಿ ವಾರ ಬರ್ತಿದೀನಲ್ಲ ಸಿರಿ?”

“ಬರ್ತೀರ. ಕೂರ್ತೀರ. ಎದ್ದು ಬರ್ತೀರ.”

ಬಸವಪ್ರಸಾದ್ ರೊಟ್ಟಿ ಮುರಿದು ಬಾಯಿಗಿಟ್ಟ. ಜೆ.ಪಿ. ನಗರದಲ್ಲಿ ಟೈಲ್ಸ್ ಅಂಗಡಿ ಇಟ್ಟು, ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ಗಂಟಲು ಕಟ್ಟಿಸಿಕೊಳ್ಳುವ ಮನುಷ್ಯ ಅವನು. ಮನೆಯ ಹೊಸ್ತಿಲು ದಾಟಿದರೆ ಮಾತ್ರ ಹೂಂ, ಉಹೂಂ ಬಿಟ್ಟು ಮೂರನೆಯದು ಹೊರಡುತ್ತಿರಲಿಲ್ಲ.

ಹದಿನಾಲ್ಕು ತಿಂಗಳ ಹಿಂದೆ, ದಿನ ತುಂಬಿದ್ದ ಸಿರಿಯ ಹೊಟ್ಟೆಯಲ್ಲೇ ಮಗು ತೀರಿಕೊಂಡಿತ್ತು. ಗಂಡು ಮಗು. ಅವರ ಮನೆತನದಲ್ಲಿ ಎಂಟನೆಯ ತಿಂಗಳಿಗೆ ಗರ್ಭದ ಶಿಶುವಿಗೆ ಲಿಂಗಧಾರಣೆ ಮಾಡಿಸುವ ಪದ್ಧತಿ. ಸ್ವಾಮಿಗಳು ಬಂದು ಮಗುವಿನ ಲಿಂಗವನ್ನು ತಾಯಿಗೇ ಕಟ್ಟುತ್ತಾರೆ. ಹೆರಿಗೆಯಾದ ಮೇಲೆ ಅದು ಮಗುವಿಗೆ ಸೇರುತ್ತದೆ. ಸಿರಿ ತನ್ನ ಲಿಂಗದ ಜೊತೆ ಆ ಪುಟ್ಟ ಲಿಂಗವನ್ನೂ ಧರಿಸಿ ಓಡಾಡಿದ್ದಳು, ದಿನಾ ಎರಡಕ್ಕೂ ಪೂಜೆ ಮಾಡಿದ್ದಳು. ರಕ್ತ ಹೋಗುವುದು ನಿಲ್ಲದೆ ಅವಸರವಾಗಿ ಆಪರೇಷನ್ನಿಗೆ ಒಯ್ಯುವಾಗ ನರ್ಸ್ ಮಗುವಿನ ಲಿಂಗವನ್ನು ಬಿಚ್ಚಿ ಗಂಡನ ಕೈಗೆ ಕೊಟ್ಟಳು. ಎಚ್ಚರವಾಗುವಷ್ಟರಲ್ಲಿ ಮಗುವೂ ಇಲ್ಲ, ಲಿಂಗವೂ ಇಲ್ಲ. ಮುಖ ಕೂಡ ಯಾರೂ ತೋರಿಸಿರಲಿಲ್ಲ.

“ನೋಡಿದ್ರೆ ಮರೆಯಕ್ಕಾಗಲ್ಲ ಕಣಮ್ಮ,” ಎಂದಿದ್ದರು ಅತ್ತೆ ಬಸವಲಿಂಗಮ್ಮ. “ಇನ್ಮೇಲೆ ಮನೇಲಿ ಯಾರೂ ಆ ಮಾತು ಎತ್ಬಾರ್ದು.” ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು ಪಾಪ. ಒಳ್ಳೆಯ ಮನಸ್ಸಿನಿಂದ ಆಗುವ ಅನಾಹುತವೇನು ಕಡಿಮೆಯೇ!

ಸಿರಿ ಗಂಡನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಮಗೂಗೆ ಲಿಂಗ ಕಟ್ಟಿ ಮಣ್ಣು ಮಾಡಿದ್ರಾ?” ಅವನು “ಹೂಂ” ಎನ್ನುತ್ತಿದ್ದ. “ಎಲ್ಲಿ?” ಎಂದರೆ, “ಯಾಕೀಗ ಅದೆಲ್ಲ? ಮರ್ತುಬಿಡು,” ಎಂದು ಟೀವಿ ಹಾಕುತ್ತಿದ್ದ.

ಆ ಹೂಂ ಸುಳ್ಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಕೈಗಿತ್ತಾಗ ಬಸವಪ್ರಸಾದನಿಗೆ ಕಣ್ಣು ಕತ್ತಲೆ ಬಂದಿತ್ತು. ಮಗುವನ್ನೂ ಲಿಂಗವನ್ನೂ ತಂದೆ ಪರಮಶಿವಯ್ಯನವರ ಕೈಗೆ ಹಾಕಿ, ಈಗ ಬಂದೆ ಎಂದು ಹೊರಟವನು ಮಡಿವಾಳದ ಕೆರೆ ಪಕ್ಕ ಕಾರು ನಿಲ್ಲಿಸಿಕೊಂಡು ಸಂಜೆಯವರೆಗೆ ಕೂತುಬಿಟ್ಟಿದ್ದ. ಫೋನೂ ಎತ್ತಿರಲಿಲ್ಲ. ಎಪ್ಪತ್ತು ದಾಟಿದ ಆ ಹಿರಿಯರು ಒಬ್ಬರೇ ಹೋಗಿ ಎಲ್ಲ ಮುಗಿಸಿ ಬಂದಿದ್ದರು. ಏನು ಮಾಡಿದಿರಿ, ಎಲ್ಲಿ ಮಾಡಿದಿರಿ ಎಂದು ಅವರನ್ನು ಕೇಳುವ ಧೈರ್ಯ ಮಗನಿಗೆ ಇಂದಿಗೂ ಬಂದಿರಲಿಲ್ಲ. ಕೇಳಿದರೆ ತಾನು ಓಡಿಹೋದ ಮಾತೂ ಬರುತ್ತದಲ್ಲ! ಈಗ ಆ ಸುಳ್ಳನ್ನು ಒಪ್ಪಿಕೊಂಡರೆ ಹೆಂಡತಿ ಹೋಗುತ್ತಾಳೆ, ಒಪ್ಪಿಕೊಳ್ಳದಿದ್ದರೂ ಹೋಗುತ್ತಾಳೆ.

ವಾರಿಜಾ ಅವರ ಕೋಣೆ ಇದ್ದದ್ದು ಜಯನಗರದ ಒಂದು ಹಳೆಯ ಮನೆಯ ಮಹಡಿಯಲ್ಲಿ. ಗಂಡ ಹೆಂಡಿರನ್ನು ಒಟ್ಟಿಗೆ ಕೂರಿಸಿ ಆಪ್ತಸಮಾಲೋಚನೆ ಮಾಡುವುದು ಅವರ ಕೆಲಸ. ಮೊದಲ ವಾರ ಬಸವಪ್ರಸಾದ್ ಇದನ್ನು ಪಂಚಾಯ್ತಿ ಎಂದೇ ತಿಳಿದು, “ನೀವೇ ಹೇಳಿ ಮೇಡಂ, ತಪ್ಪು ಯಾರದ್ದು?” ಎಂದಿದ್ದ. ಅವರು ನಕ್ಕು, “ಆ ತೀರ್ಪು ಕೊಡೋಕೆ ನಂಗೆ ಬರಲ್ಲ ಸಾರ್,” ಎಂದಿದ್ದರು. ಆರನೆಯ ವಾರವಾದ ಇಂದು ಅವರು ಹೊಸದೊಂದು ಕ್ರಮ ಇಟ್ಟರು. ಒಬ್ಬರು ಹೇಳಬೇಕು. ಇನ್ನೊಬ್ಬರು ಉತ್ತರ ಕೊಡುವ ಮೊದಲು, ಕೇಳಿಸಿಕೊಂಡದ್ದನ್ನು ಹಾಗೆಯೇ ತಿರುಗಿ ಹೇಳಬೇಕು. ಸಮಜಾಯಿಷಿ ಬೇಡ.

ಇದೊಳ್ಳೆ ಮಗ್ಗಿ ಒಪ್ಪಿಸಿದ ಹಾಗಾಯಿತಲ್ಲ ಎಂದುಕೊಂಡ ಬಸವಪ್ರಸಾದ್.

ಸಿರಿ ಶುರು ಮಾಡಿದಳು. “ನನ್ನ ಮಗು ನನ್ನನ್ನ ಬಿಟ್ಟು ಎಲ್ರಿಗೂ ಸಿಕ್ತು. ನರ್ಸ್ ನೋಡಿದ್ರು, ಇವ್ರು ನೋಡಿದ್ರು. ನಾನೊಬ್ಳೇ ನೋಡ್ಲಿಲ್ಲ.”

“ನಿನ್ನ ಮಗು ನಿನ್ನನ್ನ ಬಿಟ್ಟು ಎಲ್ರಿಗೂ ಸಿಕ್ತು,” ಎಂದ ಬಸವಪ್ರಸಾದ್. “ನೀನೊಬ್ಳೇ ನೋಡ್ಲಿಲ್ಲ.”

“ಮರ್ತುಬಿಡು ಅಂತಾರೆ. ನೋಡೇ ಇಲ್ದಿರೋದನ್ನ ಹೆಂಗೆ ಮರೀಲಿ?”

“ನೋಡೇ ಇಲ್ದಿರೋದನ್ನ… ಹೆಂಗೆ ಮರೀಲಿ ಅಂತಿದೀಯ.”

“ಲಿಂಗ ಕಟ್ಟಿದ್ರಾ ಅಂತ ಕೇಳಿದ್ರೆ ಹೂಂ ಅಂತಾರೆ. ಹಾಗನ್ನುವಾಗ ನನ್ನ ಮುಖ ನೋಡಲ್ಲ.”

ಹೊರಗೆ ಯಾರೋ ಸೊಪ್ಪಿನವರು ಕೂಗುತ್ತಾ ಹೋದರು. ವಾರಿಜಾ ಕಾದರು.

“ಹೂಂ ಅನ್ನುವಾಗ ನಾನು ನಿನ್ನ ಮುಖ ನೋಡಲ್ಲ,” ಎಂದ ಕೊನೆಗೆ. “ಯಾಕಂದ್ರೆ ನಂಗೆ ಗೊತ್ತಿಲ್ಲ ಸಿರಿ. ನಾನು ಹೋಗ್ಲೇ ಇಲ್ಲ. ಅಪ್ಪಾಜಿ ಕೈಗೆ ಹಾಕಿ ಓಡಿಹೋದೆ. ಕೆರೆ ಹತ್ರ ಕಾರಲ್ಲಿ ಕೂತಿದ್ದೆ. ಲಿಂಗ ಕಟ್ಟಿದ್ರೋ ಇಲ್ವೋ, ಎಲ್ಲಿ ಮಣ್ಣು ಮಾಡಿದ್ರೋ, ಒಂದೂ ಗೊತ್ತಿಲ್ಲ.” ಅಷ್ಟು ಹೇಳಿ ಅತ್ತ. ಆಸ್ಪತ್ರೆಯಲ್ಲಿ ಅಳದವನು, ಆಮೇಲೂ ಒಮ್ಮೆಯೂ ಅಳದವನು, ಪರರ ಮನೆಯ ಕುರ್ಚಿಯಲ್ಲಿ ಕೂತು ನಾಚಿಕೆ ಬಿಟ್ಟು ಅತ್ತ.

ಸಿರಿಗೆ ಕರುಣೆ ಬರಲಿಲ್ಲ; ಮೈಯೆಲ್ಲ ಉರಿಯಿತು. “ಹದಿನಾಲ್ಕು ತಿಂಗಳು ಹೂಂ ಅಂದ್ರಲ್ರೀ! ಆ ಒಂದು ಹೂಂ ನಂಬ್ಕೊಂಡು ನಿದ್ದೆ ಮಾಡಿದೀನಿ ನಾನು!”

“ಓಡಿಹೋದೆ ಅಂತ ಗೊತ್ತಾದ್ರೆ ನೀನು ನನ್ನ ಜೊತೆ ಇರಲ್ಲ ಅನ್ಕೊಂಡೆ.”

“ಇವತ್ತೇ ಕ್ಷಮಿಸ್ಬೇಕು ಅಂತೇನಿಲ್ಲ ಸಿರಿ,” ಎಂದರು ವಾರಿಜಾ ಮೆಲ್ಲಗೆ. “ಈ ಹೊತ್ತು ನಿಮಗೇನು ಬೇಕು?”

“ನನ್ನ ಮಗು ಎಲ್ಲಿದೆ ಅಂತ ಗೊತ್ತಾಗ್ಬೇಕು.” ಸಿರಿ ಗಂಡನ ಕಡೆ ತಿರುಗಿದಳು. “ಮಾವನಿಗೆ ಫೋನ್ ಮಾಡಿ. ಇಲ್ಲೇ. ಈಗ್ಲೇ.”

ಅಲ್ಲೇ ಹತ್ತಿರದ ಯಡಿಯೂರಿನ ಮನೆಯಲ್ಲಿ ಪರಮಶಿವಯ್ಯ ಮೂರನೆಯ ರಿಂಗಿಗೆ ಎತ್ತಿದರು. ಬಸವಪ್ರಸಾದ್ ಸ್ಪೀಕರ್ ಹಾಕಿದ.

“ಅಪ್ಪಾಜಿ, ಸಿರಿನೂ ಕೇಳಿಸ್ಕೊತಿದಾಳೆ. ಅವತ್ತು… ಮಗೂಗೆ ಲಿಂಗ ಕಟ್ಟಿದ್ರಾ?”

“ಕಟ್ದೆ ಕಣಪ್ಪ. ನಾನೇ ಕಟ್ದೆ. ನಮ್ಮ ರುದ್ರಭೂಮೀಲಿ, ನಿಮ್ಮಜ್ಜಿ ಪಕ್ಕದಲ್ಲೇ ಇದಾನೆ. ತಿಂಗಳಿಗೊಂದ್ಸಲ ಹೋಗ್ಬರ್ತೀನಿ. ನಿಮ್ಮಮ್ಮ ಮಾತು ಎತ್ಬೇಡಿ ಅಂದ್ಲು, ಸುಮ್ಮನಾದೆ. ಒಂದಲ್ಲ ಒಂದಿನ ನೀನೇ ಕೇಳ್ತೀಯ ಅಂತ ಕಾಯ್ತಿದ್ದೆ. ಹೆಸರಿಲ್ದೆ ಮಣ್ಣಿಗೆ ಕೊಡಕ್ಕೆ ಮನಸ್ಸಾಗ್ಲಿಲ್ಲ. ಮರುಳಸಿದ್ಧ ಅಂತ ಕಿವೀಲಿ ಹೇಳಿ ಕಳಿಸ್ದೆ. ನಿಮ್ಮನ್ನ ಕೇಳ್ದೆ ಇಟ್ಬಿಟ್ಟೆ. ತಪ್ಪಾಗಿದ್ರೆ ಕ್ಷಮಿಸಮ್ಮ.”

ಸಿರಿ ಬಾಯಿಗೆ ಸೆರಗು ಒತ್ತಿಕೊಂಡಳು. “ಹೇಗಿದ್ದ ಮಾವ, ಅವನು?”

“ಅದನ್ನ ನಿನ್ನ ಗಂಡನ್ನೇ ಕೇಳಮ್ಮ. ಮಗೂನ ಮೊದ್ಲು ಎತ್ಕೊಂಡಿದ್ದು ಅದರ ಅಪ್ಪನೇ ಅಲ್ವಾ?”

ಬಸವಪ್ರಸಾದನನ್ನು ಅದುವರೆಗೆ ಯಾರೂ ಅಪ್ಪ ಎಂದು ಕರೆದಿರಲಿಲ್ಲ. ಅವನು ಹೆಂಡತಿಯ ಮುಖ ನೋಡಿದ. “ತಲೆ ತುಂಬಾ ಕೂದ್ಲಿತ್ತು ಸಿರಿ,” ಎಂದ. “ಒದ್ದೆಯಾಗಿ ಹಣೆಗೆ ಅಂಟ್ಕೊಂಡಿತ್ತು. ಗದ್ದ ಥೇಟ್ ನಿಂದೇ. ಕೈ ಮುಷ್ಟಿ ಕಟ್ಟಿತ್ತು, ನಾನು ಬಿಡ್ಸಕ್ಕೆ ಹೋಗ್ಲಿಲ್ಲ.” ಹೇಳುತ್ತಲೇ ಹೋದ. ಸಿರಿ ಮಧ್ಯೆ ಬಾಯಿ ಹಾಕಲಿಲ್ಲ. ಗಂಟೆ ಮುಗಿದು ಎಷ್ಟೋ ಹೊತ್ತಾಗಿದ್ದರೂ ವಾರಿಜಾ ಎಬ್ಬಿಸಲಿಲ್ಲ.

ಕೆಳಗೆ ಬಂದಾಗ ಸಿರಿ ಕಾರಿನ ಕಡೆ ಬರಲಿಲ್ಲ. “ನಾನು ಆಟೋ ಹಿಡಿದು ಗಿರಿನಗರಕ್ಕೆ ಹೋಗ್ತೀನಿ. ನಿಮ್ಮ ಜೊತೆ ಒಂದೇ ಮನೇಲಿರೋಕೆ ಇವತ್ತು ನನ್ನ ಕೈಲಾಗಲ್ಲ. ಆದ್ರೆ ನಾಳೆ ಬೆಳಿಗ್ಗೆ ಮಾವನ್ನ ಕರ್ಕೊಂಡು ಬನ್ನಿ. ನಮ್ಮ ಮಗೂನ ನೋಡ್ಬೇಕು.”

“ಮುಂದಿನ ಶನಿವಾರ ಇಲ್ಲಿಗೆ?”

“ಮೊದ್ಲು ನಾಳೆ ಬನ್ನಿ.”

ಭಾನುವಾರ ಏಳಕ್ಕೆ ಬಸವಪ್ರಸಾದ್ ಗಿರಿನಗರದ ಮನೆಯ ಮುಂದೆ ಕಾರು ನಿಲ್ಲಿಸಿದ. ಕಾಲು ನೋವಿದ್ದ ಪರಮಶಿವಯ್ಯ ಬಿಲ್ವಪತ್ರೆಯ ಪೊಟ್ಟಣ ಹಿಡಿದು ಮುಂದಿನ ಸೀಟಿನಲ್ಲಿ ಕೂತಿದ್ದರು. ಸಿರಿ ಹೊರಗೆ ಬಂದಳು. ಅವನಂತೆ ಅವಳೂ ರಾತ್ರಿ ನಿದ್ದೆ ಮಾಡಿರಲಿಲ್ಲ. ಮಾವ ಇಳಿಯಲು ಹೊರಟರೆ ಬೇಡವೆಂದು ತಡೆದು ಹಿಂದೆ ಹತ್ತಿ ಕೂತಳು. ಕಾರು ತಿರುವು ದಾಟಿತು.

“ರೀ,” ಎಂದಳು ಆಮೇಲೆ. “ಅವನು ಹೇಗಿದ್ದ ಅಂತ ನಿನ್ನೆ ಹೇಳಿದ್ರಲ್ಲ, ಇನ್ನೊಂದ್ಸಲ ಮೊದ್ಲಿಂದ ಹೇಳಿ.”