ತೊಟ್ಟಿಲಿನ ದೃಶ್ಯ

ನಮ್ಮ ಕಸುಬಿನಲ್ಲಿ ನಟನಿಗೆ ಇಡೀ ನಾಟಕ ಕೊಡುವುದಿಲ್ಲ, ಬೇರೆ ಕಂಪನಿಗೆ ಮಾರಿಬಿಟ್ಟಾನೆಂಬ ಭಯ. ಅವನ ಮಾತುಗಳು, ಪ್ರತಿ ಮಾತಿಗೆ ಮುಂಚೆ ಎದುರಿನವನು ಹೇಳುವ ಕೊನೆಯ ಎರಡು ಪದ, ಇಷ್ಟು ಬರೆದ ಒಂದು ಸುರುಳಿ ಕಾಗದ ಕೈಗೆ ಬರುತ್ತದೆ. ಉಳಿದದ್ದು ರಂಗದ ಮೇಲೇ ಗೊತ್ತಾಗಬೇಕು. ಹನ್ನೊಂದು ವರ್ಷ ಈಟಿ ಹಿಡಿದು ಮೂಕನಾಗಿ ನಿಂತ ನನಗೆ ಮೊದಲ ಸಲ ಮಾತು ಸಿಕ್ಕಿತ್ತು. ಕಾವಲುಗಾರನ ಪಾತ್ರ, ಆರು ಸಾಲು. ಕೊಡಿಸಿದವನು ಆ ನಾಟಕ ಬರೆದ ನಮ್ಮ ಕವಿ ಕ್ರಿಸ್ಪಿನ್.

ಮಗಳು ಬ್ರಿಜೆಟ್ ತೀರಿಹೋದ ಮೇಲೆ ನನ್ನ ಹೆಂಡತಿ ತಾಮಸಿನ್ ಎರಡು ವರ್ಷ ಎಲ್ಲಿಗೂ ಬಂದವಳಲ್ಲ. ಅವತ್ತು ತಾನಾಗಿಯೇ ಹೊರಟಳು.

"ಮುಂದೇನೇ ನಿಂತಿರ್ತೀನಿ ಕಣ್ರೀ. ತೊದಲಿದ್ರೆ ಸಿಪ್ಪೆ ಎಸೀತೀನಿ, ನೋಡಿ ಮತ್ತೆ!"

ಅವಳ ಬಾಯಲ್ಲಿ ತಮಾಷೆ ಕೇಳಿ ನನಗೆ ಹಬ್ಬವಾಯಿತು.

ಮಧ್ಯಾಹ್ನ ಎರಡಕ್ಕೆ ಕಹಳೆ ಊದಿದರು. ವೇದಿಕೆಯ ಮುಂದೆ ಜನ ನಿಲ್ಲುವ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ತಾಮಸಿನ್ ವೇದಿಕೆಯ ಅಂಚಿಗೇ ಮೊಣಕೈ ಊರಿ ನಿಂತಿದ್ದಳು. ನನ್ನ ಸರದಿ ಬಂದು ಪರದೆಯಿಂದ ಹೊರಗೆ ಹೋದರೆ ನಡುವೆ ಒಂದು ತೊಟ್ಟಿಲು. ವಿದೂಷಕ ಡಿಗರಿ ಹೆಣ್ಣುವೇಷದಲ್ಲಿ ಅದನ್ನು ತೂಗುತ್ತಾ ಕತ್ತೆಯ ಹಾಗೆ ಲಾಲಿ ಅರಚುತ್ತಿದ್ದ.

"ಕೂಸು ಸತ್ತಿದ್ದು ಗೊತ್ತಾದ್ರೆ ನಮ್ಮನ್ನ ಒಳಗೇ ಹಾಕಿ ಬೀಗ ಜಡೀತಾರಪ್ಪೋ! ಹಾಡ್ತಿದ್ರೆ ಬದುಕಿದೆ ಅಂದ್ಕೋತಾರೆ!"

ತೊಟ್ಟಿಲಿನಿಂದ ಸತ್ತ ಬೆಕ್ಕನ್ನು ಬಾಲ ಹಿಡಿದೆತ್ತಿ ಮುತ್ತಿಟ್ಟ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದು ನಮ್ಮ ಮನೆ. ಪ್ಲೇಗಿನ ವರ್ಷ ಸಾವು ಬಯಲಾದರೆ ಬದುಕಿದ್ದವರನ್ನೂ ನಲವತ್ತು ದಿನ ಕೂಡಿಹಾಕುತ್ತಿದ್ದರು. ಅದಕ್ಕೇ ತಾಮಸಿನ್ ಎರಡು ದಿನ ಸತ್ತ ಮಗಳನ್ನು ತೂಗುತ್ತಾ ಹಾಡಿದ್ದಳು. ಇದು ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನಾನು ಮುಠ್ಠಾಳ, ಬಿಯರ್ ಅಂಗಡಿಯಲ್ಲಿ ಕ್ರಿಸ್ಪಿನ್ ಮುಂದೆ ಅತ್ತು ಹೇಳಿಬಿಟ್ಟಿದ್ದೆ. ಅವನು ಬೆನ್ನು ಸವರುತ್ತಾ ಕುಡಿಸುತ್ತಾ ಎಲ್ಲ ಕೇಳಿದ್ದ.

ಡಿಗರಿ ನನ್ನ ಸುರುಳಿಯಲ್ಲಿದ್ದ ಆ ಎರಡು ಪದ ಹೇಳಿ ನನ್ನತ್ತ ನೋಡಿದ. ಮತ್ತೆ ಹೇಳಿದ.

"ಏನಯ್ಯಾ, ನಾಲಿಗೆ ನುಂಗ್ಬಿಟ್ಯಾ?" ಅಂಗಳದಿಂದ ಯಾರೋ ಕೂಗಿದರು.

"ಹೇಳೋ ಮುಂಡೇದೆ!" ಎಂದು ಪರದೆಯ ಹಿಂದಿನಿಂದ ಕ್ರಿಸ್ಪಿನ್.

ಈಟಿ ಬಿಸಾಡಿ, ಕೆಳಗಿಳಿದು ಅವಳ ಕೈ ಹಿಡಿದು ಹೊರಟುಬಿಡಬಹುದಿತ್ತು. ಆದರೆ ಹನ್ನೊಂದು ವರ್ಷದ ಮೇಲೆ ಸಿಕ್ಕ ಆರು ಸಾಲು. ನಾನು ಹೇಳಿದೆ.

"ಮಗು ಹೇಗಿದೆ, ತಾಯಿ?"

ದರಿದ್ರ ನಾಲಿಗೆ, ತೊದಲಲೂ ಇಲ್ಲ. ಜನ ಬಿದ್ದು ಬಿದ್ದು ನಕ್ಕರು. ತಾಮಸಿನ್ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಉಳಿದ ಐದು ಸಾಲನ್ನೂ ಹೇಳಿ ಮುಗಿಸಿದೆ.

ಮನೆಗೆ ಬಂದಾಗ ಅವಳು ಆರಿದ ಒಲೆಯ ಮುಂದೆ ಕೂತಿದ್ದಳು. ಕ್ರಿಸ್ಪಿನ್ ಕುಡಿಸಿ ಬಾಯಿ ಬಿಡಿಸಿ ಮೋಸ ಮಾಡಿದ, ನಾಟಕದಲ್ಲಿ ಏನಿದೆಯೆಂದು ನನಗೇನೂ ಗೊತ್ತಿರಲಿಲ್ಲ ಎಂದೆಲ್ಲ ಬಡಬಡಿಸಿದೆ. ಕೇಳಿ ಮುಗಿಸಿ ಅವಳು ತಲೆಯೆತ್ತಿದಳು.

"ಎಷ್ಟು ಲೋಟಕ್ಕೆ ಕೊಟ್ಟೆ ನನ್ ಮಗಳನ್ನ?"

"ನಾಲ್ಕು," ಅಂದೆ.

ನಿಜಕ್ಕೂ ಕುಡಿದದ್ದು ಎರಡೇ. ಅಷ್ಟು ಅಗ್ಗಕ್ಕೆ ಎಂದು ಹೇಳಲು ಬಾಯಿ ಬರಲಿಲ್ಲ.