ಬೀ ಮಷಾವು ಬರೆದ ಉದಾಹರಣೆಗಳು

ಮದುವೆಗೆ ಒಂಬತ್ತು ದಿನ ಉಳಿದಿದ್ದಾಗ ಪಕ್ಕದ ಮನೆಯ ಕಿಬೀಬಿ ಹೇಳಿ ಕಳಿಸಿದಳು: ತಾನು ನಸ್ರಾಳ ಸೋಮೋ ಆಗುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ನಸ್ರಾಳ ತಾಯಿ ಮಷಾವುಗೆ ಕೈಕಾಲೇ ಆಡಲಿಲ್ಲ. ಸ್ವಾಹಿಲಿ ಕರಾವಳಿಯ ಈ ಪಾಂಗಾನಿಯಲ್ಲಿ ಸೋಮೋ ಇಲ್ಲದೆ ಮದುಮಗಳನ್ನು ಕೋಣೆಯಲ್ಲಿ ಕೂರಿಸುವುದುಂಟೇ? ಏಳು ದಿನ ಜೊತೆಗಿದ್ದು, ಮೈಗೆ ಚಂದನ ಹಚ್ಚಿ, ಸಂಸಾರದ ಗುಟ್ಟು ಹೇಳಿಕೊಡುವ ಹಿರಿಯಳು ಅವಳು. ಹುಡುಗಿ ಮೈನೆರೆದಾಗಲೇ ಗೊತ್ತುಮಾಡಿರುತ್ತಾರೆ. ಹೋಗಿ ಅಂಗಡಿಯಿಂದ ತರುವ ಸಾಮಾನಲ್ಲ. ನಸ್ರಾ ಅಂತೂ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಕಿಬೀಬಿ ದೊಡ್ಡಮ್ಮ ಬರದಿದ್ರೆ ನಾನು ಕೋಣೆಗೆ ಹೋಗಲ್ಲಮ್ಮ. ಮದುವೆ ನೀನೇ ಮಾಡ್ಕೋ."

ಇಷ್ಟಕ್ಕೆಲ್ಲ ಕಾರಣ ಮಷಾವುವಿನ ಪುಸ್ತಕ. ಶಾಲೆಯಿಂದ ನಿವೃತ್ತಳಾದ ಮೇಲೆ ಅವಳು ಊರಿಗೆ ಬರುವ ಬಿಳಿಯರಿಗೆ ಸ್ವಾಹಿಲಿ ಕಲಿಸುತ್ತಿದ್ದಳು. ಅವರಿಗೆಂದೇ ಮುನ್ನೂರು ಪದ ಆರಿಸಿ, ಒಂದೊಂದಕ್ಕೂ ಇಂಗ್ಲಿಷ್ ಅರ್ಥ, ಒಂದು ಉದಾಹರಣೆ ವಾಕ್ಯ ಬರೆದು ಟಾಂಗಾ ಪಟ್ಟಣದಲ್ಲಿ ಅಚ್ಚು ಹಾಕಿಸಿದಳು. ಕಿಬೀಬಿಯ ಮನೆಯಲ್ಲಿ ಬಾಡಿಗೆಗಿದ್ದ ಡಚ್ ನರ್ಸ್ ಅನ್ನೆಕೆ ಒಂದು ಪ್ರತಿ ಕೊಂಡಳು. ಆ ಪುಣ್ಯಾತ್ಗಿತ್ತಿ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದ್ದೇ ಓದಿದ್ದು. ಒಳಗೆ ತೆಂಗಿನಕಾಯಿ ತುರಿಯುತ್ತಿದ್ದ ಕಿಬೀಬಿ ಕೇಳಿದ್ದೇ ಕೇಳಿದ್ದು.

ಈ ಕರಾವಳಿಯ ಹೆಂಗಸರಿಗೆ ಬರೆದ ಸಾಲೆಂದರೆ ಯಾರಿಗೋ ಎಸೆದ ಕಲ್ಲು. ಉಡುವ ಕಾಂಗಾ ಬಟ್ಟೆಯ ಅಂಚಿನಲ್ಲೇ ಒಂದು ಸಾಲು ಅಚ್ಚಾಗಿರುತ್ತದೆ. ಜಗಳಕ್ಕೆ ಬಾಯಿ ಬೇಕಾಗಿಲ್ಲ. ತಕ್ಕ ಸಾಲಿನ ಬಟ್ಟೆ ಉಟ್ಟು ಆಗದವಳ ಬಾಗಿಲ ಮುಂದೆ ಎರಡು ಸಲ ಓಡಾಡಿದರಾಯಿತು. ಹೀಗೆ ಬೆಳೆದವಳಿಗೆ ಉದಾಹರಣೆ ಅಂದರೆ ಬರೀ ಉದಾಹರಣೆ ಎಂದು ನಂಬಿಸುವುದು ಹೇಗೆ?

ಮಷಾವು ಕಿಬೀಬಿಯ ಬಾಗಿಲಿಗೆ ಹೋಗಿ, ಒಳಗೆ ಬರಲೇ ಎನ್ನುವ ಹಾಗೆ "ಹೋಡಿ" ಎಂದು ಕೂಗಿದಳು. ಮೂರು ಸಲ ಕೂಗಿದರೂ ಒಳಗಿನಿಂದ 'ಬಾ' ಎಂಬ ಮಾತು ಬರಲಿಲ್ಲ. ನುಗ್ಗಿಯೇ ಬಿಟ್ಟಳು.

"ಮೂರು ಸಲ ಕೂಗಿದ್ಮೇಲೆ ವಾಪಸ್ ಹೋಗ್ಬೇಕು ಅಂತ ಗೊತ್ತಿಲ್ವಾ, ಟೀಚರಮ್ಮ?" ಎಂದಳು ಕಿಬೀಬಿ, ತೆಂಗಿನಕಾಯಿ ತುರಿಯುತ್ತಲೇ.

"ಗೊತ್ತು. ಹೋಗಲ್ಲ. ಏನು ಬಂದಿದೆಯೇ ನಿಂಗೆ? ಅವೆಲ್ಲ ಆ ಡಚ್ ಹುಡುಗಿಯಂಥೋರಿಗೆ ಭಾಷೆ ಬರ್ಲಿ ಅಂತ ಬರ್ದಿದ್ದು. ಬೇಕಾದ್ರೆ ಕುರಾನ್ ಮುಟ್ತೀನಿ!"

"ಮುಟ್ಟೋಕೆ ಮುಂಚೆ ಇದನ್ನ ಓದು. ಮಡಿಸಿಟ್ಟಿರೋ ಹಾಳೆ ಮಾತ್ರ ಸಾಕು." ಕಿಬೀಬಿ ಅನ್ನೆಕೆಯ ಪ್ರತಿಯನ್ನು ಮುಂದಿಟ್ಟು ಮತ್ತೆ ತುರಿಯತೊಡಗಿದಳು.

ಮಷಾವು ಕನ್ನಡಕ ಏರಿಸಿ ಓದಿದಳು. ಮ್ಲಾಂಗೊ, ಬಾಗಿಲು: ನೆರೆಮನೆಯ ಬಾಗಿಲು ಮುಚ್ಚಿತ್ತು. ಕುಸಹಾವು, ಮರೆಯುವುದು: ನೆರೆಯವಳು ನನ್ನನ್ನು ಮರೆತಳು. ಮಟಾಂಗಾ, ಸಾವಿನ ಮನೆಯ ಮೂರು ದಿನದ ಕೂಟ: ಮಟಾಂಗಾ ಮುಗಿದ ಮೇಲೆ ನೆರೆಯವಳು ಬಂದಳು.

"ಮುನ್ನೂರು ಪದದಲ್ಲಿ ಒಬ್ಬಳಾದ್ರೂ ಒಳ್ಳೆ ನೆರೆಯವಳು ಸಿಗ್ಲಿಲ್ವಲ್ಲೇ ನಿಂಗೆ," ಎಂದಳು ಕಿಬೀಬಿ.

ಆರು ವರ್ಷದ ಹಿಂದೆ ಮಷಾವುವಿನ ಗಂಡ ತೀರಿಕೊಂಡಾಗ ಊರಿಗೆ ಊರೇ ಬಂದು ಚಾಪೆಯ ಮೇಲೆ ಕೂತಿತ್ತು. ಕಿಬೀಬಿ ಬಂದದ್ದು ನಾಲ್ಕನೆಯ ದಿನ. ಆ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ತಾನದನ್ನು ಮರೆತಿದ್ದೇನೆಂದೇ ಮಷಾವು ತಿಳಿದಿದ್ದಳು. ಈಗಲೂ ಆಣೆ ಇಟ್ಟು ಹೊರಟು ಹೋಗಬಹುದಿತ್ತು. ಅವಳಿಗೆ ಮನಸ್ಸಾಗಲಿಲ್ಲ.

"ನಿಂಗೇ ಬರ್ದಿದ್ದು ಕಣೇ. ಬರೆಯೋವಾಗ ನಂಗೂ ಗೊತ್ತಿರ್ಲಿಲ್ಲ. ಇಷ್ಟು ವರ್ಷ ಹೊಟ್ಟೇಲಿಟ್ಕೊಂಡು ಸತ್ತಿದೀನಿ. ಯಾಕೆ ಬರ್ಲಿಲ್ಲ ನೀನು?"

ಕಿಬೀಬಿ ತುರಿಯುವುದನ್ನು ನಿಲ್ಲಿಸಿದಳು.

"ಟಾಂಗಾದಲ್ಲಿದ್ದೆ, ಮಗಳು ಸಲ್ಹಾ ಹತ್ರ. ಅವಳ ಕೂಸು ಹೊಟ್ಟೇಲೇ ಹೋಗಿತ್ತು. ಸಾವಿನ ಮನೆಗೆ ಇನ್ನೊಂದು ಸಾವಿನ ಸುದ್ದಿ ಯಾಕೆ ತರ್ಲಿ ಅಂತ ಬಾಯಿ ಮುಚ್ಕೊಂಡೆ. ನೀನೇ ಕೇಳ್ತೀಯ ಅಂತ ಕಾದೆ. ನೀನು ಕೇಳ್ಲೇ ಇಲ್ಲ."

ಮಷಾವುಗೆ ದುಃಖ ಉಕ್ಕಿ ಬಂತು. ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿದಳು.

"ಸಾಕು ಸುಮ್ನಿರು," ಎಂದಳು ಕಿಬೀಬಿ. "ನಸ್ರಾಗೆ ಹೇಳು, ಸಂಜೆ ಬರ್ತೀನಿ."

ಮಷಾವು ಮುಖ ಒರೆಸಿಕೊಂಡಳು. ಎದ್ದು ಹೋಗಲಿಲ್ಲ.

"ಆ ಕೂಸಿಗೆ ಹೆಸರಿಟ್ಟಿದ್ರಾ?"

"ಇಟ್ಟೇ ಮಣ್ಣು ಮಾಡಿದ್ವಿ," ಎಂದಳು ಕಿಬೀಬಿ. "ನಿನ್ನ ಗಂಡನ ಹೆಸರು."